ಕಲ್ಲವ್ವನ ಬೈಗುಳಗಳು

ಎಂಟು ದಿನಕ್ಕೊಮ್ಮೆ ನೀರು ಬರುವ ಆ ಓಣಿಯಲ್ಲಿ ಕಲ್ಲವ್ವನ ಬಾಯಿಗೆ ಹೆದರಿ ಎಲ್ಲರೂ ನಳದ ಮೊದಲ ಪಾಳಿಯನ್ನು ಅವಳಿಗೇ ಬಿಡುತ್ತಿದ್ದರು. ಇವತ್ತು ದ್ಯಾಮವ್ವ ತನ್ನ ಕೊಡ ಮುಂದಿಟ್ಟುಬಿಟ್ಟಳು. ಕಲ್ಲವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಯಿ ತೆರೆದಳು.

"ಏ ದ್ಯಾಮವ್ವಾ, ನಿನಗ... ನಿನಗ ಒಳ್ಳೇದಾಗ್ಲಿ!"

ಹೆಂಗಸರು ಬಿದ್ದು ಬಿದ್ದು ನಕ್ಕರು.

ತಲೆ ಹಗುರಾಗಲೆಂದು ಓಣಿಯ ಬಹುತೇಕರು ಖಾತೆ ತೆಗೆಸಿ, ತಲೆಯೊಳಗಿನ ಮಾತುಗಳನ್ನು ಜೋಪಾನವಾಗಿಡುವ ಮುಗಿಲು ಎಂಬ ಕಂಪನಿಯಲ್ಲಿಟ್ಟು ಹತ್ತು ವರ್ಷವಾಗಿತ್ತು. ಬೇಕೆಂದಾಗ ಮಾತು ತಾನಾಗಿಯೇ ಬಾಯಿಗೆ ಇಳಿಯುತ್ತಿತ್ತು. ಅಲ್ಲಿ ಅಳಿಸಿದರೆ ತಲೆಯಿಂದಲೂ ಅಳಿಸಿದಂತೆ. ಇವತ್ತು ಬೆಳಿಗ್ಗೆ ಕಂಪನಿಗೆ ಏಕಾಏಕಿ ಸಭ್ಯತೆ ಉಕ್ಕಿ, ಬೈಗುಳಗಳನ್ನೆಲ್ಲ ಒರೆಸಿ ಆ ಜಾಗಕ್ಕೆ ಹಾರೈಕೆ ತುಂಬಿತ್ತು. ಕಲ್ಲವ್ವನ ನಲವತ್ತು ವರ್ಷದ ಸಂಪಾದನೆ! ದ್ಯಾಮವ್ವನದೂ ಅದೇ ಗತಿ, ಆದರೆ ನಳ ಅವಳ ಕೈಯಲ್ಲಿತ್ತು.

ಖಾಲಿ ಕೊಡ ಹಿಡಿದು ಹಿಂದೆ ನಿಂತಿದ್ದ ಗಂಡ ಫಕೀರಪ್ಪ ಕಲ್ಲವ್ವನ ಕಿವಿಯ ಹತ್ತಿರ ಬಾಗಿದ. "ನಿನ್ನ ಬಾಯಾಗ ಹುಳಾ ಬೀಳ್ಲಿ, ಅನ್ನು."

ಕಲ್ಲವ್ವ ಅಂದಳು.

"ನಿನಗ ಬರಬಾರದ್ದು ಬರ್ಲಿ."

ಅದನ್ನೂ ಅಂದಳು. ಹತ್ತನೆಯ ಬೈಗುಳಕ್ಕೆ ದ್ಯಾಮವ್ವ ಕೊಡ ಎತ್ತಿಕೊಂಡು ಹಿಂದೆ ಸರಿದಳು.

"ನಿಮಗ ಇವೆಲ್ಲಾ ಹೆಂಗ ಉಳದಾವು?" ಕಲ್ಲವ್ವ ಬೆರಗಾದಳು.

"ನನ್ನ ತಲ್ಯಾಗ ಇಡುವಂಥಾದ್ದು ಏನೈತಿ ಅಂತ ನೀ ನನಗ ಖಾತೇನ ತೆಗಸಲಿಲ್ಲಲ್ಲ. ನೀ ಬೈದದ್ದೆಲ್ಲಾ ಇಲ್ಲೇ ಅದಾವು."

"ಹಂಗಾರ ದಿನಾ ಮುಂಜಾನೆ ಎದ್ದ ಕೂಡ್ಲೇ ನಿಮಗ ಒಂದು ಬೈತಿದ್ನಲ್ಲ, ಅದ್ಯಾವ್ದು?"

ಫಕೀರಪ್ಪ ತುಂಬಿದ ಕೊಡವನ್ನು ಹೆಗಲಿಗೇರಿಸಿದ.

"ಅದೊಂದು ಹೋತು ನೋಡು. ಎಷ್ಟು ನೆನಸಿದ್ರೂ ಬರವಲ್ದು" ಅಂದವನೇ ಸಿಳ್ಳೆ ಹಾಕುತ್ತ ಮನೆಯ ಹಾದಿ ಹಿಡಿದ.