ಫಕೀರಪ್ಪನ ಕಿವಿಗೆ ಕಟ್ಟಿದ ಕಾರು

ಹಂಸಧ್ವಜ ಕಂಪನಿಯ ಕಾರು ಓಡಿದರೆ ಹಿಂದಿನ ಸೀಟಿನಲ್ಲಿ ಮಲಗಿದ ಕೂಸು ಏಳುತ್ತಿರಲಿಲ್ಲ. ಒಂದೊಂದು ಕಾರಿನ ಸದ್ದನ್ನೂ ಗದಗಿನ ಕಾರ್ಖಾನೆಯ ಒಬ್ಬೊಬ್ಬ ಫಿಟ್ಟರನ ಕಿವಿಗೆ ಕಟ್ಟಿರುತ್ತಿದ್ದರು; ಕಾರು ಎಲ್ಲಿ ಓಡಿದರೂ ಸದ್ದು ಅವನೊಬ್ಬನಿಗೇ ಕೇಳುತ್ತಿತ್ತು. ಸಂಸ್ಥಾನಿಕರು ಮುಗಿಬಿದ್ದು ಕೊಂಡರು. ಇಪ್ಪತ್ತು ವರ್ಷ ಕಳೆಯುವುದರೊಳಗೆ ಅವರ ಮಕ್ಕಳಿಗೆ ಊರೆಲ್ಲ ತಿರುಗಿ ನೋಡುವಂತೆ ಗುಡುಗುವ ಕಾರು ಬೇಕಾಯಿತು. ಕಂಪನಿ ಮುಳುಗಿತು.

ಇವತ್ತು ಕಡೆಯ ದಿನ. ಕಾರನ್ನೂ ಫಿಟ್ಟರನನ್ನೂ ಎದುರುಬದುರು ನಿಲ್ಲಿಸಿ ಸದ್ದು ಬಿಡಿಸುವ ಯಂತ್ರ ನಾಳೆ ಗುಜರಿಗೆ ಹೋಗಲಿತ್ತು. ಉಳಿದವರೆಲ್ಲ ಬಿಡಿಸಿಕೊಂಡು ಹೋಗಿದ್ದರು. ಫಕೀರಪ್ಪನೊಬ್ಬ ಗೇಟಿನ ಬಳಿ ಕಾಯುತ್ತಿದ್ದ. ಅವನ ಕಾರಿನ ಯಜಮಾನ ಬೆಳಗಾವಿಯ ದೇಸಾಯಿ ಬರುವುದಾಗಿ ತಂತಿ ಕಳಿಸಿದ್ದ.

ಹನ್ನೊಂದಕ್ಕೆ ಫಕೀರಪ್ಪನ ಕಿವಿಯಲ್ಲಿ ಇಂಜಿನ್ ಶುರುವಾಯಿತು.

"ದೇಸಾಯ್ರು ಹೊಂಟ್ರು ನೋಡ್ರಿ, ಸಾಹೇಬ್ರ," ಎಂದ.

ಮ್ಯಾನೇಜರ್ ಕಾಮತ್ ಅವನ ಕಿವಿಗೆ ಬಾಯಿಟ್ಟು ಕೂಗಿದ: "ಐದರ ತನಕ ಕಾಯ್ತೀನಿ. ಬಿಡಿಸ್ಕೊಂಡ ಮ್ಯಾಲ ಮೊದ್ಲ ಏನ್ ಕೇಳಾಂವಪಾ?"

"ಹೆಂಡ್ತಿ ಬೈಗುಳರೀ. ಇಪ್ಪತ್ ವರ್ಷ ಆಕಿ ಬಾಯಾಡ್ಸೂದಷ್ಟ ನೋಡೇನಿ."

ಕಾರು ಬಯಲಿನಲ್ಲಿ ಸಲೀಸಾಗಿ ಓಡಿತು. ಫಕೀರಪ್ಪ ತಲೆ ಓರೆ ಮಾಡಿ ಕೇಳುತ್ತ ಕೂತ. ಒಂದು ಗಂಟೆಯ ಹೊತ್ತಿಗೆ ಗೇರು ಇಳಿಯಿತು, ಮತ್ತೂ ಇಳಿಯಿತು. ಬ್ರೇಕು ಕಿರುಗುಟ್ಟಿತು. ತಿರುವು, ಇನ್ನೊಂದು ತಿರುವು, ಮತ್ತೊಂದು. ಬೆಳಗಾವಿಯಿಂದ ಗದಗಿಗೆ ಬರುವ ದಾರಿಯಲ್ಲಿ ಘಟ್ಟವಿಲ್ಲ.

ಅವನು ಎದ್ದು ಧೋತರ ಝಾಡಿಸಿದ.

"ಬೀಗ ಹಾಕ್ರಿ. ಅವ್ರು ಗೋವಾಕ್ಕ ಹೊಂಟಾರ," ಎಂದ. ಘಟ್ಟದ ಗದ್ದಲದಲ್ಲಿ ಆ ಮಾತು ತನಗೇ ಕೇಳಿಸಲಿಲ್ಲವಾಗಿ, ಇನ್ನೊಮ್ಮೆ ಜೋರಾಗಿ ಹೇಳಿದ.