ಅಕ್ಕನ ಕೆಳದವಡೆಯ ಅಚ್ಚು

ಹಲ್ಲುಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಅಕ್ಕ ನಾಲ್ಕನೇ ಸಲ ಅಂಗಡಿಯ ಮೆಟ್ಟಿಲು ಹತ್ತಿ ಬಂದದ್ದನ್ನು ಕಂಡು ತಮ್ಮನಿಗೆ ಮೈಯೆಲ್ಲ ಉರಿಯಿತು. ಮೂರು ದಂತವೈದ್ಯರಿಗೆ ಹಲ್ಲುಸೆಟ್ಟು ಮಾಡಿಕೊಡುವವನು ಅವನು. ಇಪ್ಪತ್ತು ವರ್ಷಗಳಲ್ಲಿ ಒಂದೇ ಸೆಟ್ಟು ಹೀಗೆ ಮತ್ತೆ ಮತ್ತೆ ವಾಪಸು ಬಂದದ್ದಿಲ್ಲ. ಬರುವುದೇ ಆದರೆ ಅದು ಒಡಹುಟ್ಟಿದವಳದೇ ಆಗಬೇಕೆ?

"ಎಡಗಡೆ ಒತ್ತುತ್ತೆ ಕಣೋ. ಮೆತ್ತಗಿರೋದನ್ನೂ ಅಗಿಯೋಕಾಗಲ್ಲ."

ಅವನು ಕಪಾಟಿನಿಂದ ಅವಳ ಕೆಳದವಡೆಯ ಪ್ಲಾಸ್ಟರ್ ಅಚ್ಚನ್ನು ತೆಗೆದ. ಹೋದ ವರ್ಷ ಅಳತೆ ತೆಗೆದು ಎರೆದದ್ದು. ಸೆಟ್ಟನ್ನು ಅದರ ಮೇಲಿಟ್ಟರೆ ಹೇಳಿ ಮಾಡಿಸಿದ ಹಾಗೆ ಕೂತಿತು. ಹಿಂದಿನ ಮೂರು ಸಲವೂ ಹೀಗೇ ಕೂತಿತ್ತು. ಅವಳ ಸಮಾಧಾನಕ್ಕೆಂದು ಸುಮ್ಮನೆ ಅರ ಆಡಿಸಿದಂತೆ ಮಾಡಿ, ಹೊಳಪು ಕೊಟ್ಟು ಕಳಿಸಿದ್ದ.

"ನೋಡು, ಒಂದು ಕೂದಲೂ ತೂರಲ್ಲ. ಸೆಟ್ಟು ಸರಿಯಾಗೇ ಇದೆ."

"ಹಾಗಾದ್ರೆ ಊಟಕ್ಕೆ ಆ ಅಚ್ಚನ್ನೇ ಕೂರಿಸು," ಎಂದಳು ಅಕ್ಕ.

ಇವಳದು ಇದ್ದದ್ದೇ. ವರ್ಷದಿಂದ ಮೊಣಕಾಲು ನೋವು, ಸೊಂಟ ನೋವು, ಎಷ್ಟು ನೀರು ಕುಡಿದರೂ ಬಾಯಾರಿಕೆ, ಕೂತಲ್ಲೇ ಸುಸ್ತು. ನಡುವೆ ಎರಡು ಸಲ ಕಿಡ್ನಿಯಲ್ಲಿ ಕಲ್ಲು. ಮನೆಯಲ್ಲಿ ಎಲ್ಲರೂ ಅವಳನ್ನು ಗೊಣಗಮ್ಮ ಎನ್ನುತ್ತಿದ್ದರು, ಆ ಹೆಸರಿಟ್ಟವನೂ ಇವನೇ. ಇವತ್ತು ಇವಳ ಬಾಯಿ ಮುಚ್ಚಿಸಿಯೇ ಸೈ ಎಂದು, ಅದೇ ಬಾಯಿ ತೆರೆಸಿ ಹೊಸದಾಗಿ ಅಳತೆ ತೆಗೆದು ಪ್ಲಾಸ್ಟರ್ ಎರೆದ. ಅದು ಗಟ್ಟಿಯಾಗುವ ತನಕ ಅಕ್ಕ ಸ್ಟೂಲು ಗಟ್ಟಿ, ಸೊಂಟ ಹಿಡಿಯಿತು ಎಂದು ದೂರುತ್ತಲೇ ಇದ್ದಳು. ಇವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹೊಸ ಅಚ್ಚನ್ನು ಬಿಡಿಸಿ ಹಳೆಯದರ ಪಕ್ಕದಲ್ಲಿಟ್ಟ. ಹೊಸದರ ಎಡಗಡೆ ಮೂಳೆ ಅರ್ಧ ಗೋಲಿಯಷ್ಟು ಉಬ್ಬಿಕೊಂಡಿತ್ತು. ಅಳತೆ ತಪ್ಪಿರಬಹುದೆಂದು ಬೆರಳನ್ನು ಅವಳ ಬಾಯಿಗೇ ಹಾಕಿ ಮುಟ್ಟಿ ನೋಡಿದ. ಉಬ್ಬು ಅಲ್ಲಿಯೂ ಇತ್ತು. ಅಂಗಡಿಗೆ ಬೀಗ ಜಡಿದು, ಅಕ್ಕನನ್ನು ಕರೆದುಕೊಂಡು ನೇರ ದಂತವೈದ್ಯರಲ್ಲಿಗೆ ಓಡಿದ. ಎಕ್ಸ್‌ರೇಯಲ್ಲಿ ದವಡೆಯ ಮೂಳೆಯೊಳಗೆ ಕಪ್ಪಗೆ ಒಂದು ಟೊಳ್ಳು ಕಂಡಿತು. ದವಡೆ ಕೊಯ್ಯಬೇಕಾಗಬಹುದೇನೋ, ಮೊದಲು ರಕ್ತಪರೀಕ್ಷೆ ಆಗಲಿ ಎಂದರು. ಆ ವಾರವಿಡೀ ಅವನಿಗೆ ಊಟ ಸೇರಲಿಲ್ಲ.

ರಕ್ತದ ವರದಿ, ಮತ್ತೆರಡು ಪರೀಕ್ಷೆ ಎಲ್ಲ ನೋಡಿದ ಆಸ್ಪತ್ರೆಯ ಡಾಕ್ಟರು ದವಡೆಯನ್ನು ಬಿಟ್ಟು ಕುತ್ತಿಗೆಯನ್ನು ತೋರಿಸಿದರು. ಅಲ್ಲಿ ಅಕ್ಕಿಕಾಳಿನಷ್ಟು ಪುಟ್ಟ ನಾಲ್ಕು ಗ್ರಂಥಿಗಳಿರುತ್ತವಂತೆ. ಅವುಗಳಲ್ಲೊಂದು ಊದಿಕೊಂಡು, ಹಿಡಿತ ತಪ್ಪಿ, ಮೂಳೆಗಳ ಕ್ಯಾಲ್ಸಿಯಂ ಕಿತ್ತು ಕಿತ್ತು ರಕ್ತಕ್ಕೆ ಸುರಿಯುತ್ತಿತ್ತು. ದವಡೆಯ ಉಬ್ಬು, ಮೊಣಕಾಲು, ಕಲ್ಲು, ಬಾಯಾರಿಕೆ, ಸುಸ್ತು, ಎಲ್ಲವೂ ಅದರದೇ ಕಿತಾಪತಿ. ಆ ಒಂದು ಗ್ರಂಥಿಯನ್ನು ತೆಗೆದರೆ ಸಾಕು, ದವಡೆಗೆ ಕತ್ತರಿ ಹಾಕದೆಯೇ ಉಬ್ಬು ಇಳಿಯುವ ಸಾಧ್ಯತೆ ಹೆಚ್ಚು ಎಂದರು.

ಹೊರಗಿನ ಬೆಂಚಿನ ಮೇಲೆ ಕೂತ ಮೇಲೆ ತಮ್ಮನ ಹೆದರಿಕೆಯೆಲ್ಲ ಸಿಟ್ಟಾಗಿ ಬಂತು. "ಇಷ್ಟೆಲ್ಲ ಆಗ್ತಿದ್ರೆ ಮೊದಲೇ ಸರಿಯಾಗಿ ಹೇಳಬಾರದಿತ್ತೇನೇ?"

ಅಕ್ಕ ಸೊಂಟ ಹಿಡಿದುಕೊಂಡು ನಿಧಾನವಾಗಿ ಅವನ ಕಡೆ ತಿರುಗಿದಳು.

"ಒಂದು ವರ್ಷದಿಂದ ಹೇಳ್ತಾನೇ ಇದ್ದೆ ಕಣೋ. ಪ್ಲಾಸ್ಟರ್ ಹೇಳಿದ ಮೇಲೇ ನೀನು ನಂಬಿದ್ದು."