ಯಾರ ಕಾಲು?

‘ಅಪ್ಪ ಸುಳ್ಳು ಹೇಳುವಾಗ ನಾನು ಸುಮ್ಮನಿದ್ದರೆ, ಆ ಸುಳ್ಳಿನಲ್ಲಿ ನನ್ನ ಪಾಲೆಷ್ಟು?’ ಬೆಳಿಗ್ಗೆ ಡೈರಿಯಲ್ಲಿ ಈ ಒಂದು ಸಾಲು ಬರೆದ ಮೇಲೆ ಇಂಗಾಳಿಗೆ ಮುಂದೇನೂ ತೋಚಿರಲಿಲ್ಲ. ಈಗ ಅದೇ ಡೈರಿಯ ಕೊನೆಯ ಹಾಳೆಯಲ್ಲಿ ಎಂಜಿನ್ನಿನ ಪಟ್ಟಿ ಬರೆಯುತ್ತ ಕ್ಲೀಟಸ್ ಚಿಕ್ಕಪ್ಪನ ವರ್ಕ್‌ಶಾಪಿನಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದಳು. ಹೊರಗೆ ಅಕ್ಟೋಬರಿನ ಗಾಳಿ ಬೀಸುತ್ತಿತ್ತು. ಹೊಗೆ ಉಗುಳುತ್ತ ಅವರನ್ನು ಪೇಟೆಗೆ ತಂದು ಮುಟ್ಟಿಸಿದ ಹಳೆಯ ಟ್ರಕ್ಕು ಹೊಸ ಎಂಜಿನ್ನಿಗಾಗಿ ಬಾಗಿಲಲ್ಲೇ ಕಾದು ನಿಂತಿತ್ತು.

“ಕಾಲೇಜು ಓದಿದವಳು, ನೀನೇ ಬರ್ಕೊ. ನನ್ನ ಅಕ್ಷರ ನೋಡಿದ್ರೆ ಕೋಳಿನೂ ನಗತ್ತೆ,” ಎಂದಿದ್ದ ಚಿಕ್ಕಪ್ಪ. ಬಿಗ್ ಬ್ಲಾಕ್, ಎಂಟು ಸಿಲಿಂಡರು, ಸಣ್ಣ ಬಾಯಿಯ ಕಾರ್ಬ್ಯುರೇಟರೋ ದೊಡ್ಡದೋ, ಕ್ಯಾಮಿನ ಡಿಗ್ರಿ ಎಷ್ಟು... ನಾಲ್ಕು ವರ್ಷ ಇತಿಹಾಸ ಓದಿದವಳಿಗೆ ಒಂದೂ ತಲೆಗೆ ಹೋಗುತ್ತಿರಲಿಲ್ಲ. ಕೇಳಿದ್ದನ್ನೆಲ್ಲ ಬರೆದು, ಪ್ರತಿ ಸಾಲಿನ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಿದ್ದಳು.

“ಸರಿ, ಈಗ ಮುಖ್ಯವಾದದ್ದು. ಯಾರ ಕಾಲು?” ಎಂದ ಚಿಕ್ಕಪ್ಪ. ಯಾರೇ ಬರಲಿ, ಇದನ್ನು ಕೇಳದೆ ಅವನು ಎಂಜಿನ್ ಕಟ್ಟಿದ್ದಿಲ್ಲ. ಎಂಜಿನ್ ಕಟ್ಟುವುದು ಗಾಡಿಗಲ್ಲ, ಪೆಡಲ್ ಮೇಲಿನ ಕಾಲಿಗೆ ಎನ್ನುತ್ತಿದ್ದ.

“ನಂದೇ, ಇನ್ಯಾರದು?” ಎಂದ ಅಪ್ಪ ಆರ್ಲೋ. “ನಾನು ಓಡಿಸ್ತೀನಿ. ಇವಳು ಹಿಂದೆ ನಿಂತು ಹಸುಗಳಿಗೆ ಹುಲ್ಲು ಎಸೀತಾಳೆ. ಕಾಲು ಹೂತುಹೋಗೋ ಹಿಮದಲ್ಲಿ ಎಳೀಬೇಕು ಗಾಡಿ. ಅದಕ್ಕೇ ಎಳೆತ ಕಡಿಮೆ ವೇಗದಲ್ಲೇ ಬೇಕು ಅಂದಿದ್ದು.”

“ಇವತ್ತು ಹುಡುಗಿ ಓಡಿಸ್ಕೊಂಡು ಬಂದ ಹಾಗಿತ್ತು?”

“ಅಭ್ಯಾಸ ಆಗ್ಲಿ ಅಂತ ಬಿಟ್ಟೆ.”

ಇಂಗಾ ತಲೆಯೆತ್ತಲಿಲ್ಲ. ಸಕ್ಕರೆ ಕಾಯಿಲೆಯಿಂದ ಅಪ್ಪನ ಪಾದಗಳು ಮರಗಟ್ಟಿ ಒಂದು ವರ್ಷವಾಗಿತ್ತು. ಕ್ಲಚ್ ಯಾವುದು, ಬ್ರೇಕ್ ಯಾವುದು ಎಂದು ಅವನ ಕಾಲಿಗೆ ತಿಳಿಯುತ್ತಿರಲಿಲ್ಲ. ಕಳೆದ ಚಳಿಗಾಲವಿಡೀ ಅವಳೊಬ್ಬಳೇ ಟ್ರಕ್ಕನ್ನು ಎಲ್ಲಕ್ಕಿಂತ ಕೆಳಗಿನ ‘ಅಜ್ಜಿ ಗೇರಿ’ಗೆ ಹಾಕಿ, ಕೆಳಗೆ ಧುಮುಕಿ, ಹಿಂದೆ ಹತ್ತಿ ಹುಲ್ಲು ಎಸೆದಿದ್ದಳು. ಪೆಡಲ್ ಮುಟ್ಟುವವರಿಲ್ಲದೆ, ಖಾಲಿ ಕ್ಯಾಬಿನ್ ಹೊತ್ತು ಟ್ರಕ್ಕು ಬಯಲಿನಲ್ಲಿ ತಾನೇ ನಡೆಯುತ್ತಿತ್ತು. ಅಪ್ಪ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ. “ಕ್ಲೀಟಸ್‌ಗೆ ಹೇಳ್ಬೇಡ. ಹಸು ಮಾರು, ಮಾರು ಅಂತ ಜೀವ ತಿಂತಾನೆ,” ಎಂದು ಒಮ್ಮೆ ಹೇಳಿದ್ದ. ಅವಳು ತಲೆಯಾಡಿಸಿದ್ದಳು.

“ನಿನ್ನ ಕಾಲು ಅಂದ್ರೆ ಚಿಂತೆ ಇಲ್ಲ ಬಿಡು,” ಎಂದ ಚಿಕ್ಕಪ್ಪ. ಗೋಡೆಯ ಮೊಳೆಯಿಂದ, ಎಂಜಿನ್ನಿನ ಉಸಿರಾಟ ನಡೆಸುವ ಉದ್ದನೆಯ ಕ್ಯಾಮ್‌ಶಾಫ್ಟ್ ಒಂದನ್ನು ತೆಗೆದು, ಕೂಸನ್ನು ಎತ್ತಿಕೊಂಡಂತೆ ಎರಡೂ ಕೈಯಲ್ಲಿ ಹಿಡಿದ. “ಗುರುತು ಸಿಕ್ತಾ? ರೇಸಿನಲ್ಲಿ ಇಡೀ ಜಿಲ್ಲೆಗೆ ಧೂಳು ತಿನ್ನಿಸ್ತಲ್ಲ, ಆ ನಮ್ಮ ಹಳೇ ಗಾಡೀದು. ಇದನ್ನೇ ಹಾಕೋಣ.”

ಅಪ್ಪನ ಮುಖ ಅರಳಿತು. “ಹಾಕೋ! ಆದ್ರೆ ಎಳೆತ?”

“ವೇಗ ಏರಿದ್ರೆ ಹುಲಿ. ನಿಧಾನಕ್ಕೆ ಹೋಗುವಾಗ ಒಂಚೂರು ಕೆಮ್ಮತ್ತೆ. ನಿನ್ನಂಥವನು ಪೆಡಲ್ ಮೇಲೆ ಕಾಲಿಟ್ಕೊಂಡೇ ಇದ್ರೆ ಗೊತ್ತೂ ಆಗಲ್ಲ.”

“ಚಿಕ್ಕಪ್ಪ, ಯಾರೂ ಕಾಲಿಡದೇ ಇದ್ರೆ?” ಎಂದಳು ಇಂಗಾ. ದನಿ ಅವಳಿಗೇ ಕೇಳಿಸಿತೋ ಇಲ್ಲವೋ.

“ಇಡದಿದ್ರೆ ಅಲ್ಲೇ ಕೆಮ್ಮಿ ಸಾಯತ್ತೆ. ಸಾಯದ ಹಾಗೆ ಐಡ್ಲಿಂಗ್, ಅಂದ್ರೆ ಕಾಲಿಡದಾಗಿನ ವೇಗ, ಏರಿಸಿಟ್ರೆ, ಅಜ್ಜಿ ಗೇರಲ್ಲೂ ಅಜ್ಜಿ ಓಟ ಕೀಳ್ತಾಳೆ. ಆದ್ರೆ ಕಾಲೇ ಇಲ್ದೆ ಗಾಡಿ ಯಾಕೆ ಹೋಗತ್ತೆ, ಹುಚ್ಚಿ? ದೆವ್ವ ಓಡ್ಸತ್ತಾ?”

ಅಪ್ಪ ಜೋರಾಗಿ ನಕ್ಕ. ಚಿಕ್ಕಪ್ಪನಿಗಿಂತ ಜೋರಾಗಿ.

‘ಕ್ಯಾಮ್: ರೇಸಿನದು’ ಎಂದು ಬರೆಯಹೊರಟ ಪೆನ್ನು ಅಲ್ಲೇ ನಿಂತಿತು. ಡಿಗ್ರಿಯ ಲೆಕ್ಕ ಅವಳಿಗೆ ಈಗಲೂ ಅರ್ಥವಾಗಿರಲಿಲ್ಲ. ಆದರೆ ಫೆಬ್ರವರಿಯ ಆ ದಿನ ನೆನಪಿಗೆ ಬಂತು. ಹುಲ್ಲಿನ ಹೊರೆಯ ಜೊತೆ ಅವಳೂ ಜಾರಿ ಬಿದ್ದಿದ್ದಳು. ಟ್ರಕ್ಕು ತನ್ನ ಪಾಡಿಗೆ ತೊರೆಯತ್ತ ನಡೆಯುತ್ತಲೇ ಇತ್ತು. ಮೊಣಕಾಲುದ್ದ ಹಿಮದಲ್ಲಿ ಏದುಸಿರು ಬಿಡುತ್ತ ಓಡಿ, ದಡಕ್ಕೆ ಎರಡು ಮಾರು ಇರುವಾಗ ಬಾಗಿಲ ಹಿಡಿಕೆ ಹಿಡಿದಿದ್ದಳು. ಆ ಸಂಜೆ ಅಪ್ಪ ಸೂಪಿನ ಬಟ್ಟಲನ್ನು ಅವಳ ಮುಂದಿಟ್ಟ.

ಹೇಳಿದರೆ ಅಪ್ಪನ ಹಸುಗಳು ಹೋಗಬಹುದು, ಅವನ ನಗು ಹೋಗಬಹುದು. ಹೇಳದಿದ್ದರೆ? ಯಾವುದು ದೊಡ್ಡದೆಂದು ತಿಳಿಯದೆ ಅವಳು ನೆಲ ನೋಡಿದಳು. ನೆಲದಲ್ಲಿ ಬಿದ್ದಿದ್ದ ದಪ್ಪನೆಯ ಬೋಲ್ಟಿನ ಮೇಲೆ ಅಪ್ಪನ ಎಡಗಾಲಿನ ಬೂಟು ಓರೆಯಾಗಿ ನಿಂತಿತ್ತು. ಅದರ ಅರಿವೇ ಇಲ್ಲದೆ ಅವನು ಹಳೆಯ ರೇಸಿನ ಕಥೆ ಹೇಳುತ್ತಿದ್ದ.

ಇಂಗಾ ಬಾಗಿ, ಅವನ ಕಾಲನ್ನು ಮೆಲ್ಲಗೆ ಎತ್ತಿ ಬೋಲ್ಟು ತೆಗೆದಳು. ಕಥೆ ಅರ್ಧಕ್ಕೇ ನಿಂತಿತು. ಚಿಕ್ಕಪ್ಪ ಬೂಟು ನೋಡಿದ, ಅಣ್ಣನ ಮುಖ ನೋಡಿದ.

“ಇನ್ನೊಂದ್ಸಲ ಕೇಳು, ಚಿಕ್ಕಪ್ಪ,” ಎಂದಳು.

“ಏನನ್ನ?”

“ಆಗ ಕೇಳಿದ್ಯಲ್ಲ, ಅದನ್ನೇ.”

ಕ್ಯಾಮ್‌ಶಾಫ್ಟನ್ನು ಮೇಜಿನ ಮೇಲಿಟ್ಟು ಅವನು ಮೆತ್ತಗೆ ಕೇಳಿದ. “ಯಾರ ಕಾಲು?”

“ನಂದು,” ಎಂದಳು ಇಂಗಾ. “ಪೆಡಲ್ ಮೇಲಲ್ಲ, ಹಿಮದಲ್ಲಿ. ಬಿದ್ದವಳು ಎದ್ದು ಓಡಿ ಹಿಡಿಯೋಷ್ಟು ನಿಧಾನ ಇರಲಿ.”